ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಅಂಜೂರ ಉಳಿಸಿಕೊಂಡದ್ದು

ಬೆಳೆದ ಅಂಜೂರವನ್ನು ಬೇಸಿಗೆಯಲ್ಲಿ ಕಿತ್ತು ನೆಡಬಾರದು ಎಂಬುದನ್ನು ಶ್ರೀರಂಗಪಟ್ಟಣದ ಸುತ್ತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಗಂಜಾಂ ಒಂದು ಕಾಲದಲ್ಲಿ ಅಂಜೂರಕ್ಕೇ ಹೆಸರಾದ ಊರು. ಆದರೆ ಮನೆಯ ಹಿಂದೆ ಚರಂಡಿ ಕೆಲಸ ಶುರುವಾದ ಮೇಲೆ ಮುಂಗಾರಿನವರೆಗೆ ಕಾಯಿರಿ ಎಂದರೆ ಜೆಸಿಬಿ ಕಾಯುತ್ತದೆಯೇ? ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹೊತ್ತಿನಲ್ಲಿ, ಆಳೆತ್ತರದ ಗಿಡವನ್ನು ಬೇರಿನ ಮಣ್ಣಿನ ಸಮೇತ ಎಬ್ಬಿಸಿ, ಗೋಣಿತಾಟು ಸುತ್ತಿ, ಹೊಲದ ಬದುವಿಗೆ ಸಾಗಿಸಿದೆವು. ಗದ್ದೆಯ ಬಯಲಿನಲ್ಲಿ ನೀರು ನಿಲ್ಲುತ್ತದೆ, ಅಂಜೂರದ ಬೇರಿಗೆ ಅದು ಆಗದು. ಅದಕ್ಕೇ ಬದು.

ನೆಟ್ಟ ದಿನವೇ ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸಿದೆ. ಅರ್ಧ ಬೇರು ಹಳೆಯ ಗುಂಡಿಯಲ್ಲೇ ಉಳಿದಿರುವಾಗ ಅಷ್ಟೂ ಎಲೆಗೆ ನೀರು ಎಲ್ಲಿಂದ ಬರಬೇಕು? ಕತ್ತರಿಸುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಅಂಜೂರದ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಟ್ಟಂತೆ ಉರಿಯುತ್ತದೆ. ಉಳಿದ ಎಲೆಗಳೂ ಹಳದಿಯಾಗಿ ಉದುರಿದವು. ದಾರಿಯಲ್ಲಿ ಹೋಗುವವರೆಲ್ಲ ಸೌದೆಗಾಯಿತು ಎಂದರು. ನಾನು ಉಗುರಿನಿಂದ ತೊಗಟೆಯನ್ನು ಎಳ್ಳಿನಷ್ಟು ಕೆರೆದು ನೋಡಿದೆ: ಒಳಗೆ ಹಸಿರು ಇತ್ತು, ಸೂಜಿಮೊನೆಯಷ್ಟು ಹಾಲೂ ಒಸರಿತು. ಹಾಲು ಬರುವ ಕೊಂಬೆಯನ್ನು ಸತ್ತಿದೆ ಎಂದು ಯಾರು ಹೇಳಿದರೂ ಕಡಿಯಬೇಡಿ.

ನೀರಿನ ವಿಷಯದಲ್ಲಿ ಅಂಜೂರ ಜನರನ್ನು ಏಮಾರಿಸುತ್ತದೆ. ಒಣಗಿದರೂ ಎಲೆ ಜೋಲುತ್ತದೆ, ಬೇರು ನೀರಿನಲ್ಲಿ ಉಸಿರುಕಟ್ಟಿದರೂ ಜೋಲುತ್ತದೆ. ಮಧ್ಯಾಹ್ನ ಜೋತು ಸಂಜೆಗೆ ಎದ್ದು ನಿಂತರೆ ಚಿಂತೆಯಿಲ್ಲ. ಬೆಳಗಿನ ತಂಪಿನಲ್ಲೂ ಜೋತಿದ್ದರೆ ಮೊದಲು ಒಂದು ಕಡ್ಡಿಯನ್ನು ಗೇಣುದ್ದ ಮಣ್ಣಿಗೆ ಚುಚ್ಚಿ ತೆಗೆದು ನೋಡುತ್ತೇನೆ. ತುದಿಗೆ ತೇವದ ಮಣ್ಣು ಅಂಟಿ ಬಂದರೆ ಬಿಂದಿಗೆ ಮುಟ್ಟುವುದಿಲ್ಲ. ಪಾತಿಯನ್ನು ಕಾಂಡಕ್ಕೆ ಒತ್ತಿ ಮಾಡದೆ, ತಂದ ಮಣ್ಣಿನ ಅಂಚಿನ ಸುತ್ತ ಬಳೆಯಂತೆ ಮಾಡಿ, ಮೇಲೆ ಕಬ್ಬಿನ ತರಗು ಹೊದಿಸಿದೆ. ತರಗು ಗೆದ್ದಲನ್ನು ಕರೆಯುತ್ತದೆ. ಹಾಗಾಗಿ ಕಾಂಡದಿಂದ ಒಂದು ಗೇಣು ಬಿಟ್ಟು ಹಾಕಿದೆ. ಪಡುವಣ ಬಿಸಿಲಿಗೆ ನಾಲ್ಕು ಗಳ ನೆಟ್ಟು ನೆರಳು ಪರದೆ ಕಟ್ಟಿದೆ, ಬೋಳಾದ ಕಾಂಡಕ್ಕೆ ತಿಳಿ ಸುಣ್ಣ ಬಳಿದೆ. ಬಿಸಿಲಿಗೆ ಬೆಂದು ಬಿರಿದ ತೊಗಟೆಯೇ ಕಾಂಡಕೊರಕಕ್ಕೆ ಮೊಟ್ಟೆಯಿಡುವ ಜಾಗ.

ಚಿಗುರು ಕಾಣಿಸಿತು, ಅದರ ಹಿಂದೆಯೇ ಹಿಟ್ಟು ತಿಗಣೆ. ಎಲೆತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ, ಮೇಲಕ್ಕೂ ಕೆಳಕ್ಕೂ ಸಾಲುಗಟ್ಟಿದ ಇರುವೆ. ಅಂಗಡಿಯಲ್ಲಿ ಕೇಳಿದರೆ ಒಂದು ಬಾಟಲಿ ಕೈಗಿಡುತ್ತಾರೆ, ಹೊಡೆದರೆ ಆಯಿತು. ಆದರೆ ನಮ್ಮ ಬದುವಿನ ಆಚೆಗೆ ಹಿಪ್ಪುನೇರಳೆ ತೋಟ. ಆ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಎಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ಮುಕ್ಕುತ್ತಿದ್ದ ಸಮಯ. ಪಕ್ಕದ ಹೊಲದವರು ಬಂದು, "ಅಕ್ಕಾ, ಏನಾದರೂ ಹೊಡೆಯುವುದಿದ್ದರೆ ನಮ್ಮ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಹೊಡೆಯಿರಿ," ಎಂದು ಕೈಮುಗಿದರು. ಗಾಳಿಗೆ ತೇಲಿದ ನಾಲ್ಕು ಹನಿ ಸಾಕು, ಅವರ ಒಂದು ಬೆಳೆಯೇ ಹೋಗುತ್ತದೆ. ಬೇವಿನೆಣ್ಣೆ ನಿರುಪದ್ರವಿ ಎಂದು ಅನೇಕರು ಭಾವಿಸಿದ್ದಾರೆ, ರೇಷ್ಮೆ ಹುಳುವಿಗೆ ಅದೂ ವಿಷವೇ. ಅತ್ತ ತಿಗಣೆಯನ್ನು ಹಾಗೇ ಬಿಡುವಂತೆಯೂ ಇರಲಿಲ್ಲ. ಅಂಜೂರ, ಹಿಪ್ಪುನೇರಳೆ ಎರಡೂ ಒಂದೇ ಕುಟುಂಬದವು. ಹಿಪ್ಪುನೇರಳೆಯ ಚಿಗುರು ಮುದುಡುವ ತುಕ್ರಾ ಎಂಬ ರೋಗ ಬರುವುದು ಹಿಟ್ಟು ತಿಗಣೆಯಿಂದಲೇ.

ಆದ್ದರಿಂದ ಕೈಯಲ್ಲೇ ಕೆಲಸ. ಮೊದಲು ಇರುವೆಯ ದಾರಿ ಮುಚ್ಚಿದೆ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಸಾಕುತ್ತವೆ, ತಿನ್ನಲು ಬಂದ ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಅಗಲವಾದ ಪ್ಲಾಸ್ಟಿಕ್ ಪಟ್ಟಿ ಬಿಗಿದು, ತೊಗಟೆಗೆ ತಾಗದಂತೆ ಅದರ ಮೇಲೆ ಮಾತ್ರ ಗ್ರೀಸ್ ಸವರಿದೆ. ನೆಲಕ್ಕೆ ತಾಗುತ್ತಿದ್ದ ಕೊಂಬೆಯನ್ನೂ ತೆಗೆದೆ, ಇಲ್ಲದಿದ್ದರೆ ಇರುವೆಗೆ ಅದೇ ಏಣಿ. ಬಳಿಕ ಒಂದು ಲೀಟರ್ ನೀರಿಗೆ ಐದು ಗ್ರಾಂ ಮೆದು ಸೋಪು ಕರಗಿಸಿ, ಸಂಜೆ ಬಟ್ಟೆ ಅದ್ದಿ ಒಂದೊಂದೇ ಸಂದಿ ಒರೆಸಿದೆ. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸೋಪಿನ ನೀರು ತಾಗಿದ ತಿಗಣೆ ಮಾತ್ರ ಸಾಯುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಇದೇ ಕೆಲಸ ಮತ್ತೆ.

ಒರೆಸುವಾಗ ಒಂದು ಎಚ್ಚರ. ಬಿಳಿ ಹತ್ತಿಯ ಎಳೆಗಳನ್ನು ಹೊದ್ದ, ತಿಗಣೆಗಿಂತ ದೊಡ್ಡದಾದ, ಮುಟ್ಟಿದರೆ ಸರಸರನೆ ನಡೆಯುವ ಹುಳು ಕಂಡರೆ ಬಿಟ್ಟುಬಿಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತಿಗಣೆಯ ವೇಷದಲ್ಲೇ ತಿಗಣೆಯನ್ನು ತಿನ್ನುತ್ತದೆ. 1898ರಲ್ಲಿ ಕಾಫಿ ತೋಟದ ಕೀಟಗಳಿಗೆಂದು ಆಸ್ಟ್ರೇಲಿಯಾದಿಂದ ತಂದ ಜಾತಿ ಇದು, ತುಕ್ರಾ ಹತೋಟಿಗೂ ರೇಷ್ಮೆ ಬೆಳೆಗಾರರು ಬಿಡುತ್ತಾರೆ. ನಮ್ಮ ಗಿಡಕ್ಕೆ ಪಕ್ಕದ ತೋಟದಿಂದಲೇ ಬಂದಿರಬೇಕು. ಇರುವೆ ನಿಂತ ಮೇಲೆಯೇ ಅದು ಕಾಣಿಸಿಕೊಂಡದ್ದು.

ಏಪ್ರಿಲಿನ ಒಣ ಬಿಸಿಲಿಗೆ ನುಸಿಯೂ ಬಂತು. ಎಲೆಯ ಮೇಲೆ ಬಿಳಿಚುಕ್ಕಿ ಕಂಡಾಗ ಕೆಳಗೆ ಬಿಳಿ ಕಾಗದ ಹಿಡಿದು ಎಲೆ ಕೊಡವಿದೆ. ಬಿದ್ದ ಧೂಳಿನಲ್ಲಿ ಕೆಲವು ಕಣ ನಡೆಯತೊಡಗಿದವು. ಮಣ್ಣು ರಸ್ತೆಯ ಧೂಳು ಕೂತ ಎಲೆಯೆಂದರೆ ನುಸಿಗೆ ಹಬ್ಬ. ಬೆಳಿಗ್ಗೆ ಪೈಪಿನಿಂದ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದದ್ದರಲ್ಲೇ ಹತೋಟಿಗೆ ಬಂತು.

ಗೊಬ್ಬರದ ಬಗ್ಗೆ ಮಾತ್ರ ಮನೆಯಲ್ಲಿ ಜಗಳವಾಯಿತು. ಯೂರಿಯಾ ಒಂದು ಹಿಡಿ ಹಾಕು ಎಂದು ಮಾವ ದಿನವೂ ಹೇಳುತ್ತಿದ್ದರು. ಜ್ವರ ಬಿಟ್ಟವನಿಗೆ ಮೊದಲ ದಿನವೇ ಹೋಳಿಗೆ ಊಟ ಬಡಿಸಿದಂತಾಗುತ್ತದೆ ಮಾವ ಎಂದೆ. ಬೇರಿಲ್ಲದ ಗಿಡಕ್ಕೆ ಉಪ್ಪಿನ ಗೊಬ್ಬರ ಹಾಕಿದರೆ ಇರುವ ಬೇರೂ ಸುಡುತ್ತದೆ. ಸಾರಜನಕ ಹೆಚ್ಚಾದ ಎಳೆ ಚಿಗುರೆಂದರೆ ತಿಗಣೆಗೆ ಬಲು ಇಷ್ಟ. ಮಳೆ ಹಿಡಿದು, ಹೊಸ ಎಲೆಗಳು ಅಂಗೈಗಿಂತ ಅಗಲವಾದ ಮೇಲೆ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯನ್ನು ಪಾತಿಯ ಅಂಚಿಗೆ ಹಾಕಿದೆ. ಹಿಂಡಿ ಮಣ್ಣಿಗೆ ಸೇರುವುದರಿಂದ ಪಕ್ಕದವರೂ ಒಪ್ಪಿದರು.

ಮಳೆಗಾಲದಲ್ಲಿ ಎಲೆಯಡಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಬಿದ್ದ ಎಲೆಗಳನ್ನು ಅಂದಂದೇ ಆಯ್ದು ಸುಡುತ್ತಿದ್ದೇನೆ. ಚಿಗುರಿನ ಜೊತೆ ಮೂಡಿದ ಕಾಯಿಗಳನ್ನು ಕಡಲೆಯಷ್ಟಿರುವಾಗಲೇ ಕಿತ್ತು ಹಾಕಿದೆ. ಅತ್ತೆಗೆ ಅದು ಹಿಡಿಸಲಿಲ್ಲ. ಎರಡು ಕಾಯಿಯನ್ನಾದರೂ ಬಿಡಬಾರದಿತ್ತೇ ಎಂದು ಈಗಲೂ ಕೇಳುತ್ತಾರೆ. ಬರುವ ವರ್ಷದ ಕಾಯಿಗೆ ಕೈ ಹಾಕುವುದಿಲ್ಲ ಎಂದು ಒಪ್ಪಿಸಿದ್ದೇನೆ.