ಮಾತ್ರೆ ನುಂಗುವ ಮುಂಚೆ ಜೊತೆಗೇನಿದೆ ನೋಡಿ

ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಮದ್ಯ ಮುಟ್ಟಬೇಡಿ. ಎರಡೂ ಮೆದುಳನ್ನು ಮಂದ ಮಾಡುತ್ತವೆ. ಸೇರಿದರೆ ಪರಿಣಾಮ ಬರೀ ಎರಡನ್ನೂ ಕೂಡಿದಷ್ಟಲ್ಲ, ಅದಕ್ಕಿಂತ ಜಾಸ್ತಿ. ಉಸಿರಾಟವೇ ನಿಧಾನವಾಗಿ ನಿಂತುಹೋಗಬಹುದು. "ಎರಡೂ ಸ್ವಲ್ಪ ಸ್ವಲ್ಪ ತಾನೇ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಾರ್ಫಿನ್, ಟ್ರಮಡಾಲ್‌ನಂಥ ನೋವಿನ ಔಷಧಿಗಳಿಗೂ ಇದೇ ಮಾತು. ಕೆಲವು ಅಲರ್ಜಿ ಮಾತ್ರೆ, ಕೆಮ್ಮಿನ ಸಿರಪ್ ಕೂಡ ಮಂಪರು ತರುತ್ತವೆ. ಇದು ಎಷ್ಟೋ ಸಲ ನಮಗೆ ಹೊಳೆಯುವುದೇ ಇಲ್ಲ, ಅಲ್ವಾ?

ಸೇರಿದಾಗ ಪರಿಣಾಮ ಹೆಚ್ಚಾಗುವ ಇದೇ ಗುಣ ಒಳ್ಳೆಯದಕ್ಕೂ ಬರುತ್ತದೆ. ಸೋಂಕಿಗೆ ಕೊಡುವ ಆ್ಯಂಟಿಬಯೋಟಿಕ್ ಕೋಟ್ರೈಮಾಕ್ಸಜೋಲ್‌ನಲ್ಲಿರುವ ಎರಡು ಔಷಧಿಗಳು ಬ್ಯಾಕ್ಟೀರಿಯಾ ತನ್ನ ಬೆಳವಣಿಗೆಗೆ ಬೇಕಾದ ಫೋಲೇಟ್ ಎಂಬ ವಿಟಮಿನ್ ತಯಾರಿಸುವ ದಾರಿಯನ್ನು ಎರಡು ಕಡೆ ತಡೆಯುತ್ತವೆ. ಹಾಗಾಗಿ ಒಂದೊಂದೇ ಕೊಟ್ಟದ್ದಕ್ಕಿಂತ ಜೋಡಿಯಾಗಿ ಹೆಚ್ಚು ಕೆಲಸ ಮಾಡುತ್ತವೆ.

ನೀವು ತೆಗೆದುಕೊಳ್ಳುವ ಎಲ್ಲದರ ಪಟ್ಟಿ ಫೋನಿನಲ್ಲಿ ಬರೆದಿಡಿ. ಹೊಸ ಔಷಧಿ ಬರೆಸುವಾಗ ವೈದ್ಯರಿಗೆ ತೋರಿಸಿ. ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.