ಹೊಸಬರಿಗೆ ಮಾರ್ಗದರ್ಶಿ: ಫ್ರೀಜರಿನಲ್ಲಿ ಕಾಯಿತುರಿ ಕೆಡದಿರಲು

ಅಮೆರಿಕಕ್ಕೆ ಬಂದ ಹೊಸದರಲ್ಲಿ ಇಂಡಿಯನ್ ಸ್ಟೋರ್ ಕಂಡರೆ ಕೈ ತಡೆಯುವುದಿಲ್ಲ. ಕಾಯಿತುರಿ, ಅವರೆಕಾಳು, ನುಗ್ಗೆಕಾಯಿ, ಕರಿಬೇವು ಎಲ್ಲ ತಂದು ಫ್ರೀಜರಿಗೆ ತುರುಕುತ್ತೇವೆ. ಕೆಲವು ವಾರ ಬಿಟ್ಟು ತೆಗೆದರೆ ತುರಿ ಮರದ ಹೊಟ್ಟಿನ ಹಾಗಿರುತ್ತದೆ. ಇದೇ ಫ್ರೀಜರ್ ಬರ್ನ್.

ಫ್ರೀಜರಿನೊಳಗಿನ ಗಾಳಿ ತುಂಬ ಒಣ. ಪ್ಯಾಕೆಟಿನಲ್ಲಿ ಗಾಳಿ ಉಳಿದರೆ ಪದಾರ್ಥದ ಮೇಲಿನ ಐಸು ನೀರಾಗದೆ ನೇರವಾಗಿ ಆವಿಯಾಗುತ್ತದೆ. ಪ್ಯಾಕೆಟಿನ ಒಳಗೆ ಅಂಟಿಕೊಂಡ ಬಿಳಿ ಹರಳು ಆ ನೀರೇ. ಒಣಗಿದ ಜಾಗಕ್ಕೆ ಗಾಳಿ ತಗುಲಿ ರುಚಿಯೂ ಕೆಡುತ್ತದೆ, ಜಿಡ್ಡಿದ್ದರೆ ಕಮಟಾಗುತ್ತದೆ. ತಿಂದರೆ ಕಾಯಿಲೆ ಬರುವುದಿಲ್ಲ, ಆದರೆ ಅಂಥ ಕಾಯಿ ಹಾಕಿದ ಹುಳಿ ಯಾರಿಗೆ ಬೇಕು?

ಕಾಯಿತುರಿ: ದಯವಿಟ್ಟು ಇದನ್ನು ಗಮನವಿಟ್ಟು ಓದಿ. ದೊಡ್ಡ ಪ್ಯಾಕೆಟ್ ಒಡೆದು, ಅರ್ಧ ಬಳಸಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಇಡುವುದನ್ನು ಬಿಟ್ಟುಬಿಡಿ. ತಂದ ದಿನವೇ, ಪೂರ್ತಿ ಕರಗುವ ಮೊದಲು, ಒಂದು ಅಡುಗೆಗೆ ಬೇಕಾದಷ್ಟರಂತೆ ಪಾಲು ಮಾಡಿ. ‘ಫ್ರೀಜರ್’ ಅಂತ ಬರೆದಿರುವ ಜಿಪ್ ಚೀಲವನ್ನೇ ಕೊಳ್ಳಿ; ಸ್ಯಾಂಡ್‌ವಿಚ್ ಚೀಲ ತೆಳು, ಅದು ಸಾಲದು. ತುರಿಯನ್ನು ಬೆರಳು ದಪ್ಪಕ್ಕೆ ಹರಡಿ. ತಳದಿಂದ ಬಾಯಿಯ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಬನ್ನಿ. ಜಿಪ್ಪಿನ ಮೂಲೆ ಸ್ವಲ್ಪ ಬಿಟ್ಟು, ಉಳಿದ ಗಾಳಿಯೂ ಹೋದ ಮೇಲೆ ಮುಚ್ಚಿ. ತೆಳ್ಳಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಆಗ ಐಸಿನ ಹರಳೂ ಸಣ್ಣದಾಗಿರುತ್ತದೆ. ಬೇಕಾದಾಗ ಕೈಯಲ್ಲೇ ಮುರಿದುಕೊಳ್ಳಬಹುದು. ತಾರೀಖು ಬರೆಯಿರಿ. ಮನೆಯಲ್ಲೇ ಕಾಯಿ ಒಡೆದರೆ ಮೊದಲು ಚೂರು ಬಾಯಿಗೆ ಹಾಕಿ ನೋಡಿ. ಮುಗ್ಗಿದ ಕಾಯಿ ಫ್ರೀಜರಿಗೆ ಹೋದರೂ ಮುಗ್ಗಿದ ಕಾಯಿಯೇ.

ಖಾಲಿ ಐಸ್‌ಕ್ರೀಮ್ ಡಬ್ಬಿ ಎಸೆಯಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಒಳ್ಳೆಯ ಗುಣವೇ. ಆದರೆ ಅರ್ಧ ತುಂಬಿದ ಡಬ್ಬಿಯಲ್ಲಿ ಇನ್ನರ್ಧ ಗಾಳಿ ಅಲ್ವಾ? ಅದರಲ್ಲಿ ಬೇಳೆ ಹಾಕಿಡಿ.

ಸಾರು, ಹುಳಿ: ಅಗಲ ಪಾತ್ರೆಗೆ ಹಾಕಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಿ. ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಮೇಲೆ ಒಂದಿಂಚು ಜಾಗ ಬಿಡಿ.

ಫ್ರೀಜರಿಗೆ ಬೇಡ:
- ಮೊಸರನ್ನ, ಮಜ್ಜಿಗೆ ಹುಳಿ
- ಸೌತೆಕಾಯಿ ಕೋಸಂಬರಿ
- ಆಲೂಗಡ್ಡೆ ಹಾಕಿದ್ದು

ಫ್ರೀಜರ್ 0 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿರಲಿ, ಅಂದರೆ ಮೈನಸ್ 18 ಸೆಲ್ಸಿಯಸ್. ಸುಮ್ನೆ ಬಾಗಿಲು ತೆಗೆದು ನಿಂತು ಯೋಚಿಸಬೇಡಿ. ಬಿರುಗಾಳಿಗೆ ಕರೆಂಟ್ ಹೋದರೆ ಬಾಗಿಲು ಮುಟ್ಟಲೇಬೇಡಿ: ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ.

ಕರಗಿಸಲು ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್ಜಿಗೆ ಇಳಿಸಿ. ಬೆಳಗ್ಗೆ ಅಡುಗೆಕಟ್ಟೆಯ ಮೇಲಿಟ್ಟು ಆಫೀಸಿಗೆ ಹೋಗುವುದು ಬೇಡ, ಮಾಂಸ-ಮೀನು ಇದ್ದರಂತೂ ಬೇಡವೇ ಬೇಡ.

ಇನ್ನು ಒಬ್ಬಟ್ಟು. ಸಂಘದ ಯುಗಾದಿ ಊಟಕ್ಕೆ ನಮ್ಮ ಅಡುಗೆ ತಂಡ ಕೈಯಲ್ಲೇ ತಟ್ಟಿ ಬೇಯಿಸುತ್ತದೆ. ಉಳಿದದ್ದನ್ನು ಮನೆಗೆ ಒಯ್ಯುವವರು ಚೆನ್ನಾಗಿ ಆರಿಸಿ, ಒಂದೊಂದರ ನಡುವೆ ಬೇಕಿಂಗ್ ಪೇಪರ್ ಇಟ್ಟು, ಗಾಳಿ ತೆಗೆದು ಮುಚ್ಚಿ. ಬೇಕಾದಾಗ ಒಂದೊಂದೇ ತೆಗೆದು, ತುಪ್ಪ ಹಾಕಿ ಕಾವಲಿಯ ಮೇಲೆ ಬಿಸಿ ಮಾಡಿಕೊಳ್ಳಿ.