ಜರ್ಮನಿಯಲ್ಲಿ ಮೊದಲ ಸೆಮಿಸ್ಟರ್: ಪತ್ರ, ಕುಕ್ಕರ್, ಚಳಿ, ಪರೀಕ್ಷೆ

ಎಂಎಸ್ ಮಾಡಲು ಜರ್ಮನಿಗೆ ಹೊರಟವರಿಗೆ ಊರಲ್ಲಿ ಸಿಗುವ ಸಲಹೆಯೆಲ್ಲ ವೀಸಾ ಕೈಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಪೇಚಾಟ ಶುರುವಾಗುವುದು ಆಮೇಲೆ. ಅದೂ ಪಾಠದಿಂದ ಬರುವುದು ಕಡಿಮೆ. ಕೈತಪ್ಪಿದ ಗಡುವು, ತಲುಪದ ಪತ್ರ, ತೆರೆಯದೆ ಬಿಟ್ಟ ಕಿಟಕಿ, ಇಂಥವುಗಳಿಂದಲೇ ಹೆಚ್ಚು. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗಿನ ಚಳಿಗಾಲದ ಸೆಮಿಸ್ಟರ್‌ಗೆ ಸೇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲ ಎರಡು ವಾರ

ಎಲ್ಲಕ್ಕೂ ಮೊದಲು ವಿಳಾಸ ನೋಂದಣಿ. ಜರ್ಮನ್ನರು ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆಗೆ ಬಂದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಗೆ ಹೋಗಿ ಮಾಡಿಸಬೇಕು. ಪಾಸ್‌ಪೋರ್ಟ್, ಅರ್ಜಿ, ಜೊತೆಗೆ ಮನೆ ಮಾಲೀಕರು ಸಹಿ ಹಾಕಿದ ‘ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್’ ಎಂಬ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಇದ್ದರೆ ಸಾಕು ಅಂದುಕೊಂಡು ಹೋದವರು ವಾಪಸ್ ಬರುತ್ತಾರೆ. ಆದ್ದರಿಂದ ರೂಮ್ ಒಪ್ಪಿಕೊಳ್ಳುವಾಗಲೇ ಈ ಪತ್ರ ಕೊಡುತ್ತೀರಾ ಎಂದು ಕೇಳಿ. ‘ಇರಿ, ಆದರೆ ನೋಂದಣಿ ಬೇಡ’ ಅನ್ನುವ ಮಾಲೀಕರ ರೂಮ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ವಿಮಾನ ಹತ್ತುವ ಮೊದಲೇ ಕಾಯ್ದಿರಿಸಿ. ಸಿಗದಿದ್ದರೆ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅದರ ಜಾಲತಾಣ ನೋಡುತ್ತಿರಿ, ರದ್ದಾದ ಸಮಯಗಳು ಆಗ ಕಾಣಿಸಿಕೊಳ್ಳುತ್ತವೆ. ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದವರಿಗೆ ಮುಂದೆ ಸಂಬಳದ ಮೇಲೆ ಆದಾಯ ತೆರಿಗೆ ಬಿದ್ದಾಗ, ಅದರ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆಯೂ ಕಡಿತವಾಗುತ್ತದೆ.

ನೋಂದಣಿಯಷ್ಟೇ ಮುಖ್ಯ, ಆದರೆ ಯಾರೂ ಹೇಳಿಕೊಡದ ಕೆಲಸ ಇನ್ನೊಂದಿದೆ: ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದು. ಜರ್ಮನಿಯ ಹೆಚ್ಚಿನ ವಿಳಾಸಗಳಲ್ಲಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಪೋಸ್ಟ್‌ಮ್ಯಾನ್ ನೋಡುವುದು ಸರ್‌ನೇಮ್ ಮಾತ್ರ. ಪೆಟ್ಟಿಗೆ ಮೇಲೆ ಅದಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಬ್ಯಾಂಕ್ ಕಾರ್ಡು, ಅದರ ಪಿನ್, ಆರೋಗ್ಯ ವಿಮೆಯ ಕಾರ್ಡು, ತೆರಿಗೆ ಸಂಖ್ಯೆ, ವಿದೇಶಿಯರ ಕಚೇರಿಯ ಕರೆ, ಎಲ್ಲ ಬರುವುದು ಅಂಚೆಯಲ್ಲೇ. ನಮ್ಮವರಿಗೆ ಇಲ್ಲೊಂದು ವಿಶೇಷ ತೊಡಕು: ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೂತಿರುತ್ತದೆ, ಪೆಟ್ಟಿಗೆ ಮೇಲೆ ಬರೆಯುವುದು ಮಾತ್ರ ಗೆಳೆಯರು ಕರೆಯುವ ಹೆಸರು. ಪಾಸ್‌ಪೋರ್ಟ್‌ನಲ್ಲಿರುವುದನ್ನೇ ಬರೆಯಿರಿ, ಕಾಲಿಂಗ್ ಬೆಲ್ ಮೇಲೂ ಅದೇ ಇರಲಿ.

ದುಡ್ಡು ಮತ್ತು ಬಾಡಿಗೆ

ವೀಸಾಗೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿಟ್ಟ 11,904 ಯೂರೋ ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಆದರೆ ಇಳಿದ ದಿನವೇ ಅಲ್ಲ. ಸ್ಥಳೀಯ ಬ್ಯಾಂಕ್ ಖಾತೆ, ಕಾಗದಪತ್ರ ಎಲ್ಲ ಹೊಂದುವಷ್ಟರಲ್ಲಿ ವಾರಗಳೇ ಕಳೆಯಬಹುದು. ಅಷ್ಟರೊಳಗೆ ಬಾಡಿಗೆ, ಠೇವಣಿ, ಹಾಸಿಗೆ, ಪಾತ್ರೆ ಎಲ್ಲಕ್ಕೂ ಖರ್ಚು. ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ 1,500ರಿಂದ 2,000 ಯೂರೋ ಇಟ್ಟುಕೊಂಡು ಹೊರಡುವುದು ಲೇಸು.

ಠೇವಣಿ ‘ಕಾಲ್ಟ್‌ಮೀಟೆ’ಯ, ಅಂದರೆ ನಿರ್ವಹಣೆ ಖರ್ಚು ಸೇರದ ಬಾಡಿಗೆಯ, ಮೂರು ಪಟ್ಟು ಮೀರುವಂತಿಲ್ಲ. ಅದನ್ನು ಮೂರು ಸಮಾನ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ಕೇಳಲು ಸಂಕೋಚ ಬೇಡ. ‘ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿದರೆ ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ’ ಎಂಬ ಇಮೇಲ್ ಬಂದರೆ ಅದು ಮೋಸವೇ. ರೂಮಿಗೆ ಸೇರಿದ ದಿನ ಗೋಡೆ, ನೆಲ, ಸಿಂಕ್, ಒಲೆ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಬಿಡಿ. ಬಿಡುವಾಗ ಹಳೆಯ ಗೀರಿನ ಲೆಕ್ಕ ನಿಮ್ಮ ತಲೆಗೆ ಬರುವುದು ತಪ್ಪುತ್ತದೆ.

ಟಿವಿ-ರೇಡಿಯೊ ಶುಲ್ಕ ತಿಂಗಳಿಗೆ 18.36 ಯೂರೋ. ‘ನಮ್ಮ ಮನೇಲಿ ಟಿವಿನೇ ಇಲ್ಲ’ ಎಂಬ ವಾದ ನಡೆಯುವುದಿಲ್ಲ, ಅದು ಮನೆಗೆ ಹಾಕುವ ಶುಲ್ಕ. ಆದರೆ ಒಂದು ಫ್ಲ್ಯಾಟಿಗೆ ಒಬ್ಬರು ಕಟ್ಟಿದರೆ ಸಾಕು; ಈಗಾಗಲೇ ಕಟ್ಟುತ್ತಿರುವ ಸಹವಾಸಿಯ ಶುಲ್ಕ ಖಾತೆಯ ಸಂಖ್ಯೆಯನ್ನು ಬಂದ ಪತ್ರಕ್ಕೆ ಉತ್ತರವಾಗಿ ಬರೆದು ಕಳಿಸಿ. ಪತ್ರವನ್ನು ಮೂಲೆಗೆಸೆದರೆ ಬಾಕಿ, ದಂಡ ಎರಡೂ ಬೆಳೆಯುತ್ತವೆ.

ವಿಮೆ, ವಾಸದ ಪರವಾನಗಿ

ಮೂವತ್ತರೊಳಗಿನವರಿಗೆ ಸರ್ಕಾರಿ ಆರೋಗ್ಯ ವಿಮೆಯ ವಿದ್ಯಾರ್ಥಿ ದರ 2025ರಲ್ಲಿ ತಿಂಗಳಿಗೆ ಸುಮಾರು 145 ಯೂರೋ ಇತ್ತು. ಖಾಸಗಿ ವಿಮೆ ಅಗ್ಗವೆಂದು ಕಂಡು ಸರ್ಕಾರಿ ವಿಮೆಯಿಂದ ವಿನಾಯಿತಿ ಪಡೆದರೆ, ಓದು ಮುಗಿಯುವವರೆಗೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಹಲ್ಲು, ಬೆನ್ನು, ಹಳೆ ಕಾಯಿಲೆ ಏನಾದರೂ ಇದ್ದವರು ಇಲ್ಲಿ ಆತುರ ಪಡಬಾರದು.

ವೀಸಾ ಮುಗಿಯುವ ದಿನಾಂಕ ನೋಡಿ, ಅದಕ್ಕೆ ಎರಡು ಮೂರು ತಿಂಗಳು ಮೊದಲೇ ವಾಸದ ಪರವಾನಗಿಗಾಗಿ ವಿದೇಶಿಯರ ಕಚೇರಿಗೆ ಅರ್ಜಿ ಹಾಕಿ. ಸಮಯಕ್ಕೆ ಹಾಕಿದರೆ, ಕಾರ್ಡ್ ಬರುವವರೆಗೆ ‘ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ತಾತ್ಕಾಲಿಕ ಪತ್ರ ಕೊಡುತ್ತಾರೆ. ಮದುವೆ-ಮುಂಜಿಗೆಂದು ಬೆಂಗಳೂರಿಗೆ ಟಿಕೆಟ್ ಮಾಡುವ ಮುನ್ನ ಆ ಪತ್ರದಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. ಜರ್ಮನಿಯ ವಾಸ ಕಾಯ್ದೆಯ ಕಲಂ 81ರ 4ನೇ ಉಪಕಲಮಿನ ಚೌಕವಾದರೆ ವಾಪಸ್ ಬರಬಹುದು. 3ನೇ ಉಪಕಲಮಿನದಾದರೆ ದೇಶ ಬಿಟ್ಟು ಹೋಗಲೇಬೇಡಿ.

ಅಡುಗೆಮನೆ

ಮೊದಲು ಸೂಟ್‌ಕೇಸ್ ವಿಷಯ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಹಾಗಾಗಿ ಅಮ್ಮ ಕಾಯಿಸಿ ಕೊಟ್ಟ ತುಪ್ಪ, ಪೇಡ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತಮಾಷೆಯೆಂದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್‌ಗೆ ಅದು ಬೇಡ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಧಾರಾಳವಾಗಿ ತನ್ನಿ. ಅಕ್ಕಿ, ಬೇಳೆ ಬೇಡ. ಸೋನಾ ಮಸೂರಿ, ಉದ್ದಿನಬೇಳೆ, ಕರಿಬೇವು ದೊಡ್ಡ ಊರುಗಳ ಭಾರತೀಯ ಮತ್ತು ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ರವೆ ಸೂಪರ್‌ಮಾರ್ಕೆಟ್‌ನಲ್ಲೇ ಇದೆ: ‘ಹಾರ್ಟ್‌ವೈಟ್ಸನ್‌ಗ್ರೀಸ್’ ಎಂದು ಬರೆದದ್ದನ್ನು ತಂದರೆ ಉಪ್ಪಿಟ್ಟು ಉದುರುದುರಾಗುತ್ತದೆ, ‘ವೈಶ್‌ವೈಟ್ಸನ್‌ಗ್ರೀಸ್’ ತಂದರೆ ಅಂಟಂಟು.

ಕುಕ್ಕರ್ ಸ್ಟೀಲಿನದು, ಇಂಡಕ್ಷನ್ ತಳದ್ದೇ ಆಗಿರಲಿ, ಮೂರು ಲೀಟರ್ ಸಾಕು. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದೇ ಇಲ್ಲ. ಹಾಸ್ಟೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ. ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಗ್ಯಾಸಿನ ಅಭ್ಯಾಸದಲ್ಲಿ ಮೂರನೇ ಸೀಟಿಗೆ ಸ್ವಿಚ್ ಆರಿಸಿದರೆ ಕುಕ್ಕರ್ ಇನ್ನೂ ಕೂಗುತ್ತಲೇ ಇದ್ದು ಅನ್ನ ತಳಹಿಡಿಯುತ್ತದೆ. ಎರಡನೇ ಸೀಟಿಗೇ ಒಲೆ ಆರಿಸಿ, ಅಥವಾ ಕುಕ್ಕರನ್ನು ಪಕ್ಕಕ್ಕೆ ಸರಿಸಿ.

ಒಗ್ಗರಣೆಯೇ ನಿಜವಾದ ಗಂಡಾಂತರ. ಒಣಮೆಣಸಿನಕಾಯಿ ಹೊತ್ತಿದರೆ ಹೊಗೆ ಪತ್ತೆ ಮಾಡುವ ಯಂತ್ರ ಅರಚುತ್ತದೆ. ಅದು ಇಡೀ ಕಟ್ಟಡದ ಅಲಾರಂಗೆ ಜೋಡಣೆಯಾಗಿದ್ದರೆ ಅಗ್ನಿಶಾಮಕ ದಳವೇ ಬರುತ್ತದೆ, ಅದರ ಬಿಲ್ಲು ನಿಮಗೆ ಬರಬಹುದು. ಮೊದಲು ಕಿಟಕಿ ತೆರೆಯಿರಿ, ಚಿಮಣಿ ಹಾಕಿ, ಅಡುಗೆಮನೆಯಿಂದ ಕಾರಿಡಾರಿಗೆ ಹೋಗುವ ಬಾಗಿಲು ಮುಚ್ಚಿ. ಎಣ್ಣೆ ಕಾದ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಸಾಸಿವೆ ಹಾಕಿ. ಅದು ಸಿಡಿದ ಮೇಲೆ ಕೊನೆಯಲ್ಲಿ ಮೆಣಸಿನಕಾಯಿ. ಯಂತ್ರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವ ಉಪಾಯವನ್ನು ಹಿರಿಯ ವಿದ್ಯಾರ್ಥಿಗಳು ಹೇಳಿಕೊಡುತ್ತಾರೆ. ಜೀವಕ್ಕೆ ಅಪಾಯ, ಕಟ್ಟಬೇಡಿ.

ಇಡ್ಲಿ ಹಿಟ್ಟು 19–20 ಡಿಗ್ರಿಯ ರೂಮಿನಲ್ಲಿ ರಾತ್ರಿಯೆಲ್ಲ ಇಟ್ಟರೂ ಉಬ್ಬುವುದಿಲ್ಲ. ಅವನ್ ಕಾಯಿಸದೆ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು 12ರಿಂದ 14 ಗಂಟೆ ಒಳಗಿಡಿ. ಅವನ್ ಬಾಗಿಲಿಗೆ ‘ಒಳಗೆ ಹಿಟ್ಟಿದೆ’ ಎಂದು ಜರ್ಮನ್‌ನಲ್ಲಿ ಚೀಟಿ ಅಂಟಿಸುವುದು ಮುಖ್ಯ. ಇಲ್ಲದಿದ್ದರೆ ಸಹವಾಸಿ ಪೀಟ್ಸಾ ಮಾಡಲು 220 ಡಿಗ್ರಿಗೆ ತಿರುಗಿಸುತ್ತಾನೆ. ನಮ್ಮ ಮಿಕ್ಸಿಗೆ ಅಲ್ಲಿನ 230 ವೋಲ್ಟ್, 50 ಹರ್ಟ್ಸ್ ಹೊಂದುತ್ತದೆ, ಮೂರು ಪಿನ್ನಿನ ಪ್ಲಗ್‌ಗೆ ಅಡಾಪ್ಟರ್ ಮಾತ್ರ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ, ಆದ್ದರಿಂದ ಚಟ್ನಿ ಶನಿವಾರ ಸಂಜೆಯೇ ರುಬ್ಬಿಡಿ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ.

ವಿಶ್ವವಿದ್ಯಾಲಯದ ಕ್ಯಾಂಟೀನಾದ ಮೆನ್ಸಾದಲ್ಲಿ ಮೂರು ನಾಲ್ಕು ಯೂರೋಗೆ ಊಟವಾಗುತ್ತದೆ. ಅಲ್ಲಿ ‘ವೆಜಿಟಾರಿಶ್’ ಎಂದಿದ್ದರೆ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರಿಗೆ ‘ವೇಗಾನ್’ ಫಲಕವೇ ಗತಿ.

ರೂಮು, ಕಿಟಕಿ, ಕೀಲಿ

ಚಳಿಗೆ ಹೆದರಿ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿ, ಒಳಗೇ ಅನ್ನ ಬೇಯಿಸಿದರೆ ತೇವವೆಲ್ಲ ತಣ್ಣನೆ ಗೋಡೆಗೆ ಕೂರುತ್ತದೆ. ಡಿಸೆಂಬರ್ ಹೊತ್ತಿಗೆ ಬೀರುವಿನ ಹಿಂದೆ ಕಪ್ಪು ಬೂಷ್ಟು, ಬಿಡುವಾಗ ಠೇವಣಿಗೆ ಕತ್ತರಿ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಟ್ಟು ಮುಚ್ಚಿ. ಕಿಟಕಿಯನ್ನು ಮೇಲ್ಭಾಗದಲ್ಲಿ ಓರೆಯಾಗಿ ತೆರೆದು ದಿನವಿಡೀ ಬಿಡುವುದು ಸರಿಯಲ್ಲ. ಗಾಳಿ ಬದಲಾಗದೆ ಗೋಡೆ ಮಾತ್ರ ತಣ್ಣಗಾಗುತ್ತದೆ, ಹೀಟರ್ ಬಿಲ್ಲು ಏರುತ್ತದೆ. ಪೀಠೋಪಕರಣವನ್ನು ಹೊರಗೋಡೆಯಿಂದ ಒಂದು ಗೇಣಿಗೂ ಕಡಿಮೆಯಿಲ್ಲದಂತೆ ದೂರವಿಡಿ.

ಅನೇಕ ಬಾಗಿಲುಗಳು ಎಳೆದೊಡನೆ ಬೀಗ ಬೀಳುವಂಥವು, ಹೊರಗಿನಿಂದ ಹಿಡಿ ತಿರುಗುವುದಿಲ್ಲ. ಕಸ ಹಾಕಲು ಹೋಗುವಾಗಲೂ ಕೀಲಿ ಜೇಬಿನಲ್ಲಿರಲಿ. ವಾರಾಂತ್ಯದ ರಾತ್ರಿ ಬೀಗ ತೆಗೆಸಲು ನೂರಾರು ಯೂರೋ ಕೇಳುವವರಿದ್ದಾರೆ. ಇನ್ನೊಂದು ಕೀಲಿ ನಂಬಿಕಸ್ಥ ಗೆಳೆಯರ ಹತ್ತಿರ ಇರಲಿ. ತಿಂಗಳಿಗೆ ಕೆಲವೇ ಯೂರೋದ ‘ಹಾಫ್ಟ್‌ಫ್ಲಿಶ್ಟ್’, ಅಂದರೆ ನಿಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ ಮಾಡಿಸುವಾಗ ಕೀಲಿ ಕಳೆದದ್ದಕ್ಕೂ ಪರಿಹಾರ ಉಂಟೇ ಎಂದು ನೋಡಿ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇದ್ದರೆ ಎಲ್ಲ ಬೀಗ ಬದಲಿಸುವ ಖರ್ಚು ನಿಮ್ಮದಾದೀತು.

ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳನ್ನು ಎಸೆಯಬೇಡಿ, ಅಂಗಡಿಗೆ ಹಿಂದಿರುಗಿಸಿದರೆ ಹೆಚ್ಚಿನವಕ್ಕೆ ಒಂದೊಂದಕ್ಕೂ 25 ಸೆಂಟ್ ವಾಪಸ್ ಬರುತ್ತದೆ.

ಜ್ವರ ಬಂದರೆ

ಪ್ರಾಣಾಪಾಯಕ್ಕೆ 112. ರಾತ್ರಿ ಅಥವಾ ಭಾನುವಾರ ಜ್ವರ, ವಾಂತಿ, ಕಿವಿನೋವಿಗೆ 116117. ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಮಾಮೂಲಿ ದಿನಗಳಿಗೆ, ಆರೋಗ್ಯ ಚೆನ್ನಾಗಿರುವಾಗಲೇ ಹತ್ತಿರದ ‘ಹೌಸ್‌ಆರ್ಟ್ಸ್ಟ್’ (ಕುಟುಂಬ ವೈದ್ಯರು) ಒಬ್ಬರಲ್ಲಿ ಹೆಸರು ಬರೆಸಿಡಿ. ಆಂಟಿಬಯಾಟಿಕ್ ಚೀಟಿಯಿಲ್ಲದೆ ಸಿಗುವುದಿಲ್ಲ. ಚೀಟಿಯ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ ನಿಮ್ಮ ಪಾಲು. ನಿತ್ಯ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಬ್ರ್ಯಾಂಡ್ ಹೆಸರಲ್ಲ, ಒಳಗಿನ ಔಷಧಿಯ ಹೆಸರಿರುವ ವೈದ್ಯರ ಪತ್ರ ತನ್ನಿ.

ಕೆಲಸ

ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ, ಮೊದಲು ಅದನ್ನೇ ಹುಡುಕಿ. ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ದಾಟಿದರೆ ವಿದ್ಯಾರ್ಥಿ ವಿಮೆಯ ಸವಲತ್ತು ಕೈತಪ್ಪಬಹುದು. ‘ಫ್ರೀಲಾನ್ಸರ್ ಅಂತ ಸಹಿ ಹಾಕು, ಡೆಲಿವರಿ ಮಾಡು’ ಅನ್ನುವವರ ಮಾತು ಕೇಳಬೇಡಿ. ಸ್ವಂತ ಉದ್ಯೋಗಕ್ಕೆ ಬೇರೆಯೇ ಅನುಮತಿ ಬೇಕು, ಇಲ್ಲದೆ ಮಾಡಿದರೆ ವಾಸದ ಪರವಾನಗಿಗೇ ಕುತ್ತು. ಮೊದಲ ಸೆಮಿಸ್ಟರಿನಲ್ಲಿ ಕೆಲಸವೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಸಾಲದ ಒತ್ತಡ ಇದ್ದವರಿಗೆ ಇದು ಸುಲಭದ ಮಾತಲ್ಲ ಎಂಬುದೂ ಗೊತ್ತು.

ನವೆಂಬರ್‌ನ ಮಂಕು

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಊರಿನೊಂದಿಗಿನ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ನೀವು ಸಂಜೆ ಏಳಕ್ಕೆ ರೂಮು ಸೇರುವಾಗ ಊರಲ್ಲಿ ರಾತ್ರಿ ಹನ್ನೊಂದೂವರೆ, ಎಲ್ಲರೂ ಮಲಗಿರುತ್ತಾರೆ. ಒಂಟಿತನ ಬಂದು ಕೂರುವುದು ಈ ಹೊತ್ತಿನಲ್ಲೇ. ಫೋನ್ ಸಮಯವನ್ನು ಮಧ್ಯಾಹ್ನದ ಊಟದ ಬಿಡುವಿಗೆ ತನ್ನಿ. ಅದೇ ಬಿಡುವಿನಲ್ಲಿ, ಮೋಡವಿದ್ದರೂ ಸರಿ, ಅರ್ಧ ಗಂಟೆ ಹೊರಗೆ ನಡೆಯಿರಿ. ನಡೆಯುತ್ತಾ ಮಾತಾಡಿದರೆ ಎರಡೂ ಆಯಿತು. ಜಾಕೆಟ್, ಜಾರದ ಬೂಟು ಅಲ್ಲೇ ಕೊಳ್ಳಿ. ವಿಟಮಿನ್ ಡಿ ಮಾತ್ರೆಯನ್ನು ವೈದ್ಯರನ್ನು ಕೇಳಿ ಶುರು ಮಾಡಿ.

ಎರಡು ವಾರ ನಿದ್ದೆ ಇಲ್ಲ, ತರಗತಿಗೆ ಹೋಗಲು ಮನಸ್ಸಿಲ್ಲ ಎಂದಾದರೆ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ‘ಸ್ಟುಡಿಯರೆಂಡನ್‌ವೆರ್ಕ್’ನ ಮನೋಸಲಹೆಗೆ ಬರೆಯಿರಿ. ಹೆಚ್ಚಿನ ಕಡೆ ಅದು ಉಚಿತ, ಇಂಗ್ಲಿಷ್‌ನಲ್ಲೂ ಸಿಗುತ್ತದೆ, ವಿಷಯ ಪ್ರಾಧ್ಯಾಪಕರಿಗೆ ಹೋಗುವುದಿಲ್ಲ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಸುತ್ತ ರೈನ್‌ಮೈನ್ ಕನ್ನಡ ಸಂಘ ಇವೆ. ರಾಜ್ಯೋತ್ಸವ ಸರಿಯಾಗಿ ನವೆಂಬರ್‌ನಲ್ಲೇ ಬರುವುದು ಒಂದು ಅನುಕೂಲ.

ಪರೀಕ್ಷೆ

ಕೋರ್ಸಿಗೆ ಹೆಸರು ಕೊಟ್ಟ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಕೊಟ್ಟಂತಲ್ಲ. ಪರೀಕ್ಷೆಯ ನೋಂದಣಿ ಬೇರೆ, ಅದರ ಗಡುವು ಸೆಮಿಸ್ಟರಿನ ನಡುವೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ದಾಟಿದರೆ ಪ್ರಾಧ್ಯಾಪಕರೂ ಏನೂ ಮಾಡಲಾರರು. ಅಂಕ ತಲೆಕೆಳಗು: 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನೋಂದಾಯಿಸಿ, ಹಿಂತೆಗೆದುಕೊಳ್ಳುವ ಗಡುವಿನೊಳಗೆ ಹೆಸರು ತೆಗೆಸದೆ ಸುಮ್ಮನೆ ಹೋಗದಿದ್ದರೆ ಅನೇಕ ಕಡೆ ನೇರ 5.0. ಕಾಯಿಲೆಯಾದರೆ ಅದೇ ದಿನ ವೈದ್ಯರ ಪ್ರಮಾಣಪತ್ರ ಪಡೆದು ಪರೀಕ್ಷಾ ಕಚೇರಿಗೆ ತಲುಪಿಸಿ. ಒಂದು ವಿಷಯಕ್ಕೆ ಅವಕಾಶ ಎಣಿಸಿಟ್ಟದ್ದು, ಬಹಳ ಕಡೆ ಮೂರು. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ. ಹಾಗಾಗಿ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು, ಜರ್ಮನ್‌ನಲ್ಲೇ ಇದ್ದರೂ ಅನುವಾದಿಸಿಕೊಂಡು, ಅಕ್ಟೋಬರ್‌ನಲ್ಲೇ ಓದಿ.

ಪರೀಕ್ಷೆಯ ಗಲಾಟೆಯಲ್ಲೇ ‘ರ್‍ಯೂಕ್‌ಮೆಲ್ಡುಂಗ್’ ಬರುತ್ತದೆ: ಮುಂದಿನ ಸೆಮಿಸ್ಟರಿನ ಶುಲ್ಕ ಕಟ್ಟಿ ಹೆಸರು ಉಳಿಸಿಕೊಳ್ಳುವ ಕೆಲಸ. ಮೊತ್ತ ಒಂದು ಸೆಂಟೂ ಕಡಿಮೆಯಾಗದಂತೆ, ಉಲ್ಲೇಖದ ಜಾಗದಲ್ಲಿ ಅವರು ಕೊಟ್ಟ ಸಂಖ್ಯೆಯನ್ನೇ ಬರೆದು ಕಳಿಸಿ. ಸಂಖ್ಯೆ ತಪ್ಪಿದರೆ ದುಡ್ಡು ಯಾರದೆಂದು ಅವರಿಗೆ ತಿಳಿಯುವುದಿಲ್ಲ. ಗಡುವಿಗೆ ಒಂದು ವಾರ ಮೊದಲೇ ಕಳಿಸಿ, ಪೋರ್ಟಲ್‌ನಲ್ಲಿ ಹೊಸ ಸೆಮಿಸ್ಟರಿನ ಪ್ರಮಾಣಪತ್ರ ಬಂದಿದೆಯೇ ನೋಡಿ ಇಳಿಸಿಕೊಳ್ಳಿ. ವಾಸದ ಪರವಾನಗಿ ಅರ್ಜಿಗೂ ವಿಮೆಯವರಿಗೂ ಅದೇ ಬೇಕಾಗುತ್ತದೆ.